ಕೊಚ್ಚಿ, ತಿರುವನಂತಪುರದಲ್ಲಿ ಕೆಲಸ ಹುಡುಕುತ್ತಿದ್ದೀರಾ? ಸಿವಿ ಕಳಿಸುವ ಮುನ್ನ ಇದನ್ನು ಓದಿ

ಫೋರ್ಟ್ ಕೊಚ್ಚಿಯ ಹೋಟೆಲಿಗೂ ಕಾಕ್ಕನಾಡಿನ ಇನ್ಫೋಪಾರ್ಕ್‌ನ ಕಂಪನಿಗೂ ಒಂದೇ ಸಿವಿ ಕಳಿಸಿ, ಎರಡೂ ಕಡೆಯಿಂದ ಉತ್ತರ ಬರಲಿಲ್ಲ ಎಂದು ಕಾಯುತ್ತ ಕೂರುವವರು ಬಹಳ ಮಂದಿ. ಕಾಸರಗೋಡು, ಮಂಗಳೂರು ಕಡೆಯಿಂದ ಕೇರಳದ ಈ ಎರಡು ನಗರಗಳಿಗೆ ಅರ್ಜಿ ಹಾಕುವ ಕನ್ನಡಿಗರಿಗಂತೂ ಇನ್ನೂ ಕೆಲವು ತೊಡಕುಗಳಿವೆ. ಅವು ಅರ್ಹತೆಯ ತೊಡಕುಗಳಲ್ಲ, ಬರೆಯುವ ರೀತಿಯವು.

ಮೊದಲನೆಯದು ಅಂಕಪಟ್ಟಿ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೆ 625 ಅಂಕ. ಕೇರಳದಲ್ಲಿ 2005ರಿಂದ ಎಸ್ಸೆಸ್ಸೆಲ್ಸಿಗೆ ಅಂಕದ ಬದಲು ಎ ಪ್ಲಸ್, ಎ, ಬಿ ಪ್ಲಸ್ ಎಂಬ ಗ್ರೇಡ್ ಇದೆ. ಹಾಗಾಗಿ ಬರೀ '540' ಎಂದು ಬರೆದರೆ ಕೊಚ್ಚಿಯ ಎಚ್‌ಆರ್‌ಗೆ ಅದು ಎಷ್ಟರಲ್ಲಿ ಎಂಬುದೇ ತಿಳಿಯುವುದಿಲ್ಲ. '625ಕ್ಕೆ 540, ಶೇ. 86.4' ಎಂದು ಬರೆಯಿರಿ. 'ದ್ವಿತೀಯ ಪಿಯುಸಿ' ಎಂಬುದಕ್ಕೂ ಅಲ್ಲಿ ಪ್ಲಸ್ ಟು ಎನ್ನುವುದೇ ರೂಢಿ, ಪಕ್ಕದಲ್ಲಿ '12ನೇ ತರಗತಿ' ಎಂದು ಸೇರಿಸಿದರೆ ಗೊಂದಲವಿಲ್ಲ.

ಎರಡನೆಯದು ಭಾಷೆ. ಕಾಸರಗೋಡಿನ ಕನ್ನಡ ಮಾಧ್ಯಮದಲ್ಲಿ ಓದಿದ ಅನೇಕರು ಮಲಯಾಳ ಸಲೀಸಾಗಿ ಮಾತನಾಡುತ್ತಾರೆ, ಆದರೆ ಬರೆಯಲು ತಡವರಿಸುತ್ತಾರೆ. ಸಿವಿಯಲ್ಲಿ 'ಕನ್ನಡ, ತುಳು, ಮಲಯಾಳ, ಹಿಂದಿ, ಇಂಗ್ಲಿಷ್' ಎಂದು ಸಾಲಾಗಿ ಬರೆದು ಬಿಡಬೇಡಿ. ಯಾವುದನ್ನು ಮಾತನಾಡಬಲ್ಲಿರಿ, ಯಾವುದನ್ನು ಓದಿ ಬರೆಯಬಲ್ಲಿರಿ ಎಂದು ಬಿಡಿಸಿ ಹೇಳಿ. ಸಂದರ್ಶನದಲ್ಲಿ ಮಲಯಾಳದ ಪತ್ರವೊಂದನ್ನು ಕೈಗಿಟ್ಟಾಗ ಪೇಚಾಡುವುದು ತಪ್ಪುತ್ತದೆ. ಇನ್ನು ತುಳು, ಕೊಂಕಣಿಯನ್ನು 'ಇದೆಲ್ಲ ಯಾಕೆ' ಎಂದು ಬಿಡುವವರೂ ಇದ್ದಾರೆ. ಪ್ರವಾಸಿಗರೇ ಜೀವಾಳವಾದ ಫೋರ್ಟ್ ಕೊಚ್ಚಿಯಲ್ಲಿ ಹೋಟೆಲಿನ ಫ್ರಂಟ್ ಆಫೀಸಿಗೆ ಅರ್ಜಿ ಹಾಕುವಾಗ ಪ್ರತಿಯೊಂದು ಭಾಷೆಯೂ ಲೆಕ್ಕಕ್ಕೆ ಬರುತ್ತದೆ.

ಅಲ್ಲಿನ ಹೋಟೆಲ್, ಹೋಂಸ್ಟೇಗಳಿಗೆ ಒಂದೇ ಪುಟದ ಸಿವಿ ಸಾಕು. ಎಷ್ಟು ಕೋಣೆಗಳ ಹೋಟೆಲಿನಲ್ಲಿ ಕೆಲಸ ಮಾಡಿದ್ದಿರಿ, ರಾತ್ರಿ ಪಾಳಿ ಮಾಡಿದ್ದೀರಾ, ಯಾವ ಬುಕಿಂಗ್ ಸಾಫ್ಟ್‌ವೇರ್ ಗೊತ್ತು ಎಂಬುದು ಮೇಲೆಯೇ ಕಾಣಬೇಕು. 2012ರಲ್ಲಿ ಶುರುವಾದ ಕೊಚ್ಚಿ-ಮುಜಿರಿಸ್ ಬಿನಾಲೆಯಂಥ ಕಡೆ ಕೆಲವೇ ತಿಂಗಳು ದುಡಿದಿದ್ದರೆ 'ಪ್ರದರ್ಶನದ ಅವಧಿಯ ಕೆಲಸ' ಎಂದು ಸ್ಪಷ್ಟಪಡಿಸಿ. ಇಲ್ಲದಿದ್ದರೆ ಮೂರು ತಿಂಗಳಿಗೇ ಬಿಟ್ಟು ಬಂದವರು ಎಂಬ ಅರ್ಥ ಹೊರಡುತ್ತದೆ.

1990ರಲ್ಲಿ ಆರಂಭವಾದ ತಿರುವನಂತಪುರದ ಟೆಕ್ನೋಪಾರ್ಕ್, 2004ರ ಇನ್ಫೋಪಾರ್ಕ್‌ಗಳ ಕತೆ ಬೇರೆ. ದೊಡ್ಡ ಕಂಪನಿಗಳಲ್ಲಿ ಸಿವಿಯನ್ನು ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಓದುವುದುಂಟು. ಎರಡು ಕಾಲಂ, ಬಣ್ಣದ ಪಟ್ಟಿ, ಕೌಶಲಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ, ಇವೆಲ್ಲ ನೋಡಲು ಚೆಂದ, ಆದರೆ ಸಾಫ್ಟ್‌ವೇರ್‌ಗೆ ಅರ್ಥವಾಗದೆ ಹೋಗಬಹುದು. ಸಾದಾ ಅಕ್ಷರ, ಒಂದೇ ಕಾಲಂ, ಪಿಡಿಎಫ್ ಸಾಕು. ಜಾಹೀರಾತಿನಲ್ಲಿ 'ಜಾವಾ', 'ಟೆಸ್ಟಿಂಗ್' ಎಂದು ಕೇಳಿದ್ದು ನಿಮಗೆ ಗೊತ್ತಿದ್ದರೆ ಅದೇ ಪದವನ್ನು ಬಳಸಿ. ಗೊತ್ತಿಲ್ಲದ್ದನ್ನು ತುರುಕಿದರೆ ಮೊದಲ ಐದು ನಿಮಿಷದಲ್ಲೇ ಬಣ್ಣ ಬಯಲಾಗುತ್ತದೆ. 'ಪ್ರಾಜೆಕ್ಟ್‌ನಲ್ಲಿ ಭಾಗವಹಿಸಿದ್ದೆ' ಎನ್ನುವುದಕ್ಕಿಂತ ನಾಲ್ವರ ತಂಡದಲ್ಲಿ ನೀವು ಮಾಡಿದ್ದು ಯಾವ ಭಾಗ ಎಂದು ಬರೆದರೆ ತೂಕ ಹೆಚ್ಚು. ತಂದೆಯ ಹೆಸರು, ಧರ್ಮ, ಜಾತಿ, ಮದುವೆಯ ವಿವರ ಹಳೆಯ ಬಯೋಡೇಟಾದ ಪಳೆಯುಳಿಕೆಗಳು. ಖಾಸಗಿ ಕಂಪನಿಗೆ ಅವು ಬೇಕಿಲ್ಲ.

ಕೊಚ್ಚಿಯಿಂದ ಗಲ್ಫ್‌ಗೆ ಹಾರುವ ಆಸೆ ಇರುವವರು ಹೆಸರಿನ ಬಗ್ಗೆ ಎಚ್ಚರ ವಹಿಸಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರು, ಹೀಗೆ ಒಬ್ಬರೇ ಮೂವರಾಗಿರುವುದು ನಮ್ಮಲ್ಲಿ ಸಾಮಾನ್ಯ. ಸಿವಿಯಲ್ಲಿ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರನ್ನೇ ಹಾಕಿ. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದವರ ಪ್ರವಾಸಿ ವೀಸಾಕ್ಕೆ ಯುಎಇ 2022ರ ನವೆಂಬರ್‌ನಲ್ಲಿ ಅಡ್ಡಿ ಮಾಡಿದ್ದು ನೆನಪಿರಬಹುದು. ನರ್ಸಿಂಗ್ ಹುದ್ದೆಯಾದರೆ ಕೆಲಸ ಮಾಡಿದ ಆಸ್ಪತ್ರೆ, ವಾರ್ಡ್, ಸೇರಿದ ಮತ್ತು ಬಿಟ್ಟ ದಿನಾಂಕ ಅನುಭವ ಪತ್ರದಲ್ಲಿರುವಂತೆಯೇ ಇರಬೇಕು. ಅಲ್ಲಿ ದಾಖಲೆಗಳನ್ನು ಕೊಟ್ಟ ಸಂಸ್ಥೆಯನ್ನೇ ಕೇಳಿ ತಾಳೆ ನೋಡುತ್ತಾರೆ, ಒಂದು ತಿಂಗಳ ವ್ಯತ್ಯಾಸಕ್ಕೂ ಪ್ರಶ್ನೆ ಏಳುತ್ತದೆ.

ಕೇರಳ ಲೋಕಸೇವಾ ಆಯೋಗದ ಹುದ್ದೆಗಳಿಗೆ ಮಾತ್ರ ಸಿವಿಯ ಗೋಜಿಲ್ಲ. 'ತುಳಸಿ' ಜಾಲತಾಣದಲ್ಲಿ ಒಮ್ಮೆ ನೋಂದಾಯಿಸಿ ಪ್ರೊಫೈಲ್ ಮಾಡಿಕೊಂಡರೆ ಅದರಿಂದಲೇ ಅರ್ಜಿ ಹಾಕಬಹುದು. ಅಲ್ಲಿ ಹಾಕುವ ಫೋಟೋದ ಕೆಳಗೆ ಅಭ್ಯರ್ಥಿಯ ಹೆಸರು ಮತ್ತು ಫೋಟೋ ತೆಗೆದ ದಿನಾಂಕ ಮುದ್ರಿತವಾಗಿರಬೇಕು. ಸ್ಟುಡಿಯೋದವರಿಗೆ ಇದನ್ನು ಮೊದಲೇ ಹೇಳಿಬಿಡಿ.