ಜಪಾನ್‌ನ ಈ ಮನೆಯಲ್ಲಿದ್ದರೆ ಸಾವೇ ಬರುವುದಿಲ್ಲವೇ?

ಬಣ್ಣಬಣ್ಣದ ಡಬ್ಬ, ಚೆಂಡುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂಥ ಕಟ್ಟಡದ ಫೋಟೊ. ಕೆಳಗೆ, ಇದು ಜಪಾನ್ ವಿಜ್ಞಾನಿಗಳು ಕಟ್ಟಿದ ಮನೆ, ಇಲ್ಲಿ ವಾಸಿಸುವವರಿಗೆ ಮುಪ್ಪೂ ಇಲ್ಲ, ಸಾವೂ ಇಲ್ಲ ಎಂಬ ಒಕ್ಕಣೆ. ಇಂಥದ್ದು ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ.

ಕಟ್ಟಡ ನಿಜ. ಟೋಕಿಯೊದ ಮಿಟಾಕಾದಲ್ಲಿ 2005ರಲ್ಲಿ ಪೂರ್ಣಗೊಂಡಿತು, ಒಂಬತ್ತು ಮನೆಗಳಿವೆ. ಆದರೆ ವಿನ್ಯಾಸ ವಿಜ್ಞಾನಿಗಳದ್ದಲ್ಲ. ಅದು ಜಪಾನ್ ಮೂಲದ ಕಲಾವಿದ ಶುಸಾಕು ಅರಕಾವಾ ಮತ್ತು ಅವರ ಪತ್ನಿ, ಅಮೆರಿಕದ ಕವಯಿತ್ರಿ ಮ್ಯಾಡಲಿನ್ ಗಿನ್ಸ್ ಅವರದ್ದು. ಸಾಯುವುದಿಲ್ಲವೆಂದು ತೀರ್ಮಾನಿಸಿದ್ದೇವೆ ಎಂದು ಈ ದಂಪತಿಯೇ ಹೇಳಿಕೊಂಡಿದ್ದರು. ಹಾಗಾಗಿ ಸುದ್ದಿ ಪೂರ್ತಿ ಗಾಳಿಮಾತೂ ಅಲ್ಲ. ಅರಕಾವಾ 2010ರಲ್ಲಿ 73ನೇ ವಯಸ್ಸಿಗೆ, ಗಿನ್ಸ್ 2014ರಲ್ಲಿ 72ನೇ ವಯಸ್ಸಿಗೆ ತೀರಿಕೊಂಡರು. (ಅವರು ನೆಲೆಸಿದ್ದು ನ್ಯೂಯಾರ್ಕ್‌ನಲ್ಲಿ, ಈ ಮನೆಯಲ್ಲಲ್ಲ ಎಂದು ಬೇಕಾದವರು ವಾದಿಸಬಹುದು.)

ಮನೆಯೊಳಗೆ ನೆಲ ಉಬ್ಬುತಗ್ಗು. ಅಡುಗೆಮನೆ ನಟ್ಟನಡುವೆ, ತಗ್ಗಿನಲ್ಲಿ. ಒಂದು ಕೋಣೆ ಚೆಂಡಿನಂತೆ ಗುಂಡಗಿದೆ. ಸಾಮಾನುಗಳನ್ನು ನೇತುಹಾಕಲು ಚಾವಣಿಯಲ್ಲಿ ಕೊಕ್ಕೆಗಳಿವೆ. ಅನುಕೂಲ ಹೆಚ್ಚಾದಷ್ಟೂ ಮೈ ಮಂಕಾಗುತ್ತದೆ, ಹೆಜ್ಜೆಹೆಜ್ಜೆಗೂ ಅದನ್ನು ಎಚ್ಚರವಾಗಿಡಬೇಕು ಎಂಬುದು ಅವರ ವಾದ.

ಇದರಲ್ಲಿ ಹುರುಳಿದೆಯೇ? ಸ್ವಲ್ಪ ಇದೆ. ಕಣ್ಣು, ಒಳಗಿವಿ, ಸ್ನಾಯು ಮತ್ತು ಕೀಲುಗಳಿಂದ ಬರುವ ಸಂದೇಶಗಳನ್ನು ಮಿದುಳು ಜೋಡಿಸಿಕೊಂಡೇ ನಾವು ಬೀಳದೆ ನಿಲ್ಲುವುದು. ನುಣುಪಾದ ಟೈಲ್ಸ್ ನೆಲದಲ್ಲಿ ಇವಕ್ಕೆ ಹೆಚ್ಚು ಕೆಲಸವಿಲ್ಲ. ಗದ್ದೆ ಬದುವಿನ ಮೇಲೆ ನಡೆದವರಿಗೆ ವ್ಯತ್ಯಾಸ ಗೊತ್ತು. ಅಮೆರಿಕದ ಆರೆಗಾನ್‌ನಲ್ಲಿ 60 ದಾಟಿದ 108 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 16 ವಾರ ಉರುಟುಕಲ್ಲಿನಂಥ ಚಾಪೆಯ ಮೇಲೆ ನಡೆದವರ ಸಮತೋಲನ ಮತ್ತು ರಕ್ತದೊತ್ತಡ, ಮಾಮೂಲಿ ವಾಕಿಂಗ್ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು.

ಆದರೆ ಅದು ನಿಗಾದಲ್ಲಿ ನಡೆದ ವ್ಯಾಯಾಮ. ರಾತ್ರಿ ನಿದ್ದೆಗಣ್ಣಿನಲ್ಲಿ ಬಚ್ಚಲಿಗೆ ಹೋಗುವ ಅಜ್ಜಿಯ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಿಗೆ ಜಗತ್ತಿನಲ್ಲಿ ಎರಡನೇ ದೊಡ್ಡ ಕಾರಣ ಬೀಳುವುದೇ, ಹೆಚ್ಚು ಬಲಿಯಾಗುವವರು 60 ದಾಟಿದವರು. ಹಿರಿಯರಿರುವ ಮನೆಯಲ್ಲಿ ಬೇಕಾದದ್ದು ಜಾರದ ನೆಲ, ಹಿಡಿದುಕೊಳ್ಳಲು ಕಂಬಿ, ರಾತ್ರಿ ಒಂದು ದೀಪ.

ಇದೇ ದಂಪತಿ 1995ರಲ್ಲಿ ಜಪಾನ್‌ನ ಯೋರೊದಲ್ಲಿ ಇಳಿಜಾರು, ಹಳ್ಳದಿಣ್ಣೆಗಳ ಉದ್ಯಾನವೊಂದನ್ನೂ ರೂಪಿಸಿದರು. ಅಲ್ಲಿ ಕೇಳಿದವರಿಗೆ ಹೆಲ್ಮೆಟ್ ಕೊಡುತ್ತಾರೆ.