ಬಂಡವಾಳ ಮರಳುವ ಕಾಲ: ಕಾರವಾರ–ಅಂಕೋಲೆಯ ಎರಡು ನಿದರ್ಶನಗಳು

ನವೀಕರಿಸಬಹುದಾದ ಇಂಧನಕ್ಕೆ ಕಲ್ಲಿದ್ದಲಿನ ಖರ್ಚಿಲ್ಲ. ವೆಚ್ಚದ ಬಹುಪಾಲು ಮೊದಲೇ ಆಗಿಹೋಗುತ್ತದೆ. ಆದ್ದರಿಂದ ಬಂಡವಾಳ ಮರಳುವ ಕಾಲವನ್ನು ನಿರ್ಧರಿಸುವುದು ಯಂತ್ರದ ದಕ್ಷತೆಗಿಂತ ಹೆಚ್ಚಾಗಿ ನಿರ್ಮಾಣದ ಅವಧಿ, ಬಡ್ಡಿ ಮತ್ತು ವಿದ್ಯುತ್ ದರ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗದ 2020ರ ನಿಯಮಾವಳಿ ಸೌರ ಸ್ಥಾವರಕ್ಕೆ 25 ವರ್ಷ, ಕಿರು ಜಲವಿದ್ಯುತ್ತಿಗೆ 40 ವರ್ಷ ಆಯುಸ್ಸು ಕಟ್ಟಿ, ಸಾಲ ತೀರಲು 15 ವರ್ಷ ಹಿಡಿದಿತ್ತು. ಹೂಡಿಕೆದಾರನ ನಿಜವಾದ ಲಾಭ ಸಾಲ ತೀರಿದ ನಂತರದ್ದು.

ಕಾರವಾರ ತಾಲ್ಲೂಕಿನ ಕದ್ರಾ ಜಲವಿದ್ಯುತ್ ಸ್ಥಾವರದ 50 ಮೆಗಾವಾಟಿನ ಮೂರು ಘಟಕಗಳು 1997 ಮತ್ತು 1999ರ ನಡುವೆ ಕಾರ್ಯಾರಂಭ ಮಾಡಿದವು. ಇಲ್ಲಿ ಹೂಡಿಕೆದಾರ ಸರ್ಕಾರವೇ, ಕರ್ನಾಟಕ ವಿದ್ಯುತ್ ನಿಗಮದ ಮೂಲಕ. ಅಣೆಕಟ್ಟು ಮುಗಿಯುವವರೆಗೆ ಒಂದು ಯೂನಿಟ್ಟೂ ಮಾರಾಟವಾಗದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ನದಿಯ ಮೇಲ್ಭಾಗದ ಸೂಪಾ ಜಲಾಶಯದಲ್ಲಿ ಹಿಡಿದಿಟ್ಟ ಮಳೆನೀರು ನಾಗಝರಿ, ಕೊಡಸಳ್ಳಿ ಸ್ಥಾವರಗಳನ್ನು ದಾಟಿ ಕದ್ರಾಕ್ಕೆ ಬರುವುದರಿಂದ, ಒಂದೇ ಹನಿ ಹಲವು ಕಡೆ ಆದಾಯ ತರುತ್ತದೆ. ಕೈಗಾ ಅಣುಸ್ಥಾವರಕ್ಕೆ ತಂಪು ನೀರು ಒದಗಿಸುವುದೂ ಈ ಜಲಾಶಯವೇ. ಹೀಗಾಗಿ ಕದ್ರಾದ ಗಳಿಕೆಯನ್ನು ಬಿಡಿಯಾಗಿ ಲೆಕ್ಕ ಹಾಕಿದರೆ ಚಿತ್ರ ಅರ್ಧವೇ. ಮುಳುಗಡೆಯಾದ ಕಾಡು, ಎದ್ದುಹೋದ ಕುಟುಂಬಗಳು ಮಾತ್ರ ಯಾವ ವಸೂಲಿ ಲೆಕ್ಕದಲ್ಲೂ ಪೂರ್ತಿ ಕಾಣುವುದಿಲ್ಲ. ಅಂಕೋಲೆಯಲ್ಲಿ ಗಂಗಾವಳಿಯಾಗಿ ಕಡಲು ಸೇರುವ ಬೇಡ್ತಿ ನದಿಯ 210 ಮೆಗಾವಾಟ್ ಜಲವಿದ್ಯುತ್ ಯೋಜನೆ, ಅದರ ಕುರಿತು 1981ರಲ್ಲಿ ಶಿರಸಿಯಲ್ಲಿ ನಡೆದ ವಿಚಾರ ಸಂಕಿರಣದ ನಂತರ ಬಿದ್ದುಹೋದದ್ದಕ್ಕೆ ಈ ಬಿಟ್ಟ ಬಾಬತ್ತುಗಳೇ ಮುಖ್ಯ ಕಾರಣ.

ಮನೆಯ ಮಾಳಿಗೆಯ ಸೌರ ವಿದ್ಯುತ್ತಿನ ಲೆಕ್ಕ ಬೇರೆ. 3 ಕಿಲೋವಾಟ್ ಘಟಕಕ್ಕೆ 1,80,000 ರೂಪಾಯಿ ಖರ್ಚು ಎಂದಿಟ್ಟುಕೊಂಡರೆ, 2024ರ ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಹಾಯಧನ ಕಳೆದು ಉಳಿಯುವುದು 1,02,000. ಕರಾವಳಿಯ ಮಳೆಗಾಲದ ಮೋಡ ಗಮನಿಸಿ ವರ್ಷಕ್ಕೆ 3,900 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಎಂದು ಹಿಡಿದರೆ ಉಳಿತಾಯ 23,400. ಬಡ್ಡಿರಹಿತವಾಗಿ ನಾಲ್ಕೂವರೆ ವರ್ಷದೊಳಗೆ, ಶೇ. 7ರ ಬಡ್ಡಿ ಸೇರಿಸಿದರೆ ಸುಮಾರು ಐದೂವರೆ ವರ್ಷದಲ್ಲಿ ಅಸಲು ಹುಟ್ಟುತ್ತದೆ. ಉಪ್ಪುಗಾಳಿಗೆ ತುಕ್ಕು ಹಿಡಿಯುವ ಚೌಕಟ್ಟು, ನಡುವೆ ಬದಲಿಸಬೇಕಾದ ಇನ್ವರ್ಟರ್ ಇದನ್ನು ಇನ್ನಷ್ಟು ಮುಂದೂಡುತ್ತವೆ.

ಈ ಲೆಕ್ಕ ನಿಲ್ಲುವುದು ಉತ್ಪಾದನೆಯೆಲ್ಲ ಮನೆಯಲ್ಲೇ ಖರ್ಚಾದರೆ ಮಾತ್ರ. ವಿದ್ಯುತ್ ಸರಬರಾಜು ಕಂಪನಿಯಾದ ಹೆಸ್ಕಾಂಗೆ ಹೋಗುವ ಹೆಚ್ಚುವರಿಗೆ ಸಿಗುವ ದರ ಕಡಿಮೆ. 2023ರಿಂದ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯಲ್ಲಿ ಶೂನ್ಯ ಬಿಲ್ಲು ಪಡೆಯುವ ಮನೆಗೆ ಉಳಿಸಲು ಬಿಲ್ಲೇ ಇಲ್ಲ, ಆದ್ದರಿಂದ ವಸೂಲಿಯೂ ಇಲ್ಲ. ತಿಂಗಳಿಗೆ 200 ಯೂನಿಟ್ ದಾಟಿ ಪೂರ್ತಿ ಬಿಲ್ಲು ತೆರುವ ಮನೆಗಳಲ್ಲಿ, ಹಗಲು ವಿದ್ಯುತ್ ಬಳಸುವ ಹೋಟೆಲು, ಮಂಜುಗಡ್ಡೆ ಕಾರ್ಖಾನೆಗಳಲ್ಲಿ ಮಾತ್ರ ಬಂಡವಾಳ ಬೇಗ ಮರಳುತ್ತದೆ.