ಒಂದು ಕಿಡ್ನಿ ಚಿಕ್ಕದು, ಇನ್ನೊಂದು ದೊಡ್ಡದು: ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಗಾಬರಿಯಾಗಬೇಕೆ?

ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಲು ಸ್ಕ್ಯಾನಿಂಗ್ ಮಾಡಿಸಿರುತ್ತೀರಿ. ರಿಪೋರ್ಟಿನಲ್ಲಿ ಕಲ್ಲಿನ ಸುದ್ದಿಯೇ ಇಲ್ಲ, ಬದಲಿಗೆ 'ಬಲ ಮೂತ್ರಪಿಂಡ 8.1 ಸೆಂ.ಮೀ., ಎಡ ಮೂತ್ರಪಿಂಡ 10.9 ಸೆಂ.ಮೀ.' ಎಂಬ ಸಾಲು. ಕಳೆದ ವರ್ಷ ನನ್ನ ಚಿಕ್ಕಮ್ಮನಿಗೆ ಆದದ್ದು ಇದೇ. ಸಂಜೆ ಆ ರಿಪೋರ್ಟಿನ ಫೋಟೊ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂತು. ರಾತ್ರಿ ಊಟದ ಹೊತ್ತಿಗೆ ಮೂರು ಫಾರ್ವರ್ಡ್‌ಗಳೂ ಬಂದವು. ಕೊತ್ತಂಬರಿ ಸೊಪ್ಪು ಕುದಿಸಿದ ನೀರು ಕುಡಿದರೆ ಕಿಡ್ನಿ 'ಕ್ಲೀನ್' ಆಗುತ್ತದೆ ಎಂದು ಒಂದು. ದಿನಕ್ಕೆ ಐದು ಲೀಟರ್ ನೀರು ಕುಡಿಯಿರಿ ಎಂದು ಇನ್ನೊಂದು. ಕಿಡ್ನಿಯನ್ನು ತಿನ್ನುವುದೇ ಬಿಪಿ ಮಾತ್ರೆ, ಮೊದಲು ಅದನ್ನು ಬಿಡಿ ಎಂದು ಮತ್ತೊಂದು. ಚಿಕ್ಕಮ್ಮ ಮೂರನ್ನೂ ಪಾಲಿಸಿದರು. ಅದರಿಂದ ಏನಾಯಿತು ಎಂದು ಆಮೇಲೆ ಹೇಳುತ್ತೇನೆ, ಮೊದಲು ಅಳತೆಯ ವಿಷಯ.

ಎರಡೂ ಒಂದೇ ಅಳತೆ ಇರಬೇಕೆ?

ಇರಬೇಕಿಲ್ಲ. ದೊಡ್ಡವರ ಮೂತ್ರಪಿಂಡ ಸಾಮಾನ್ಯವಾಗಿ 9ರಿಂದ 12 ಸೆಂ.ಮೀ. ಉದ್ದವಿರುತ್ತದೆ. ಗಿಡ್ಡ ಮೈಕಟ್ಟಿನವರಲ್ಲಿ ಇನ್ನೂ ಸ್ವಲ್ಪ ಕಡಿಮೆ ಇರಬಹುದು. ಹೆಚ್ಚಿನವರಲ್ಲಿ ಎಡಗಡೆಯದು ಬಲಗಡೆಯದಕ್ಕಿಂತ ಕೊಂಚ ಉದ್ದ. ವಯಸ್ಸು ಐವತ್ತು ದಾಟಿದ ಮೇಲೆ ಎರಡೂ ನಿಧಾನವಾಗಿ ಕುಗ್ಗುತ್ತವೆ. ಹೀಗಾಗಿ ಅರ್ಧ ಅಥವಾ ಒಂದು ಸೆಂಟಿಮೀಟರಿನ ವ್ಯತ್ಯಾಸಕ್ಕೆ ನಿದ್ದೆಗೆಡುವ ಅಗತ್ಯವಿಲ್ಲ.

ಇನ್ನೊಂದು ಮಾತು. ಅಲ್ಟ್ರಾಸೌಂಡ್ ಅಳತೆ ಟೇಪು ಹಿಡಿದು ಬಟ್ಟೆ ಅಳೆದಂತಲ್ಲ. ನೀವು ಉಸಿರು ಹಿಡಿದ ರೀತಿ, ಹೊಟ್ಟೆಯಲ್ಲಿನ ಗಾಳಿ, ಯಂತ್ರದ ಹಿಡಿಯನ್ನು ಓರೆಯಾಗಿಟ್ಟ ಕೋನ, ಇಷ್ಟರಿಂದಲೇ ಅಳತೆ ಬದಲಾಗುತ್ತದೆ. ಒಂದೇ ಕಿಡ್ನಿಯನ್ನು ಇಬ್ಬರು ಅಳೆದರೆ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್ ಹೆಚ್ಚುಕಡಿಮೆ ಬರುವುದುಂಟು. ವ್ಯತ್ಯಾಸ ಒಂದೂವರೆ ಸೆಂ.ಮೀ. ದಾಟಿದಾಗ ಮಾತ್ರ ವೈದ್ಯರು ಕಾರಣ ಹುಡುಕಲು ಹೊರಡುತ್ತಾರೆ. ಚಿಕ್ಕಮ್ಮನದು 2.8. ಅದನ್ನು ಅಳತೆಯ ತಪ್ಪು ಎಂದು ತಳ್ಳಿಹಾಕುವಂತಿರಲಿಲ್ಲ.

ಚಿಕ್ಕದಾಗುವುದು ಏಕೆ?

ಕೆಲವರಲ್ಲಿ ಒಂದು ಮೂತ್ರಪಿಂಡ ಹುಟ್ಟಿನಿಂದಲೇ ಪುಟ್ಟದು, ಬೆಳೆಯಲೇ ಇಲ್ಲ ಅಷ್ಟೆ.

ಇನ್ನು ಕೆಲವರಲ್ಲಿ ತೊಂದರೆ ಶುರುವಾಗುವುದು ಬಾಲ್ಯದಲ್ಲಿ. ಮೂತ್ರಕೋಶದಿಂದ ಮೂತ್ರ ಹೊರಕ್ಕೆ ಹೋಗಬೇಕೇ ಹೊರತು ಮೇಲಕ್ಕೆ ಹಿಂದಿರುಗಬಾರದು. ಅದನ್ನು ತಡೆಯುವ ವ್ಯವಸ್ಥೆ ಕೆಲವು ಮಕ್ಕಳಲ್ಲಿ ಸಡಿಲವಾಗಿರುತ್ತದೆ. ಸೋಂಕಾದಾಗ ರೋಗಾಣುಗಳ ಸಮೇತ ಮೂತ್ರ ಕಿಡ್ನಿಯ ಕಡೆಗೆ ಚಿಮ್ಮುತ್ತದೆ. ಮಗುವಿಗೆ ಚಳಿ ಜ್ವರ ಬರುತ್ತದೆ, ನಾಲ್ಕು ದಿನ ಮದ್ದು ಕೊಟ್ಟರೆ ಹೋಗುತ್ತದೆ. ಒಳಗೆ ಗಾಯದ ಕಲೆ ಉಳಿಯುತ್ತದೆ. ಕಲೆಯಾದ ಭಾಗ ಬೆಳೆಯುವುದಿಲ್ಲ, ಆ ಕಿಡ್ನಿ ಹಿಂದೆ ಬೀಳುತ್ತದೆ. ಮೂವತ್ತು ನಲವತ್ತು ವರ್ಷ ಯಾರಿಗೂ ಗೊತ್ತಾಗದೇ ಇರಬಹುದು.

ಮೂತ್ರನಾಳದಲ್ಲಿ ಕಲ್ಲು ಸಿಕ್ಕಿಕೊಂಡು ತಿಂಗಳುಗಟ್ಟಲೆ ಅಡ್ಡಿಯಾದರೂ ಕಿಡ್ನಿ ಮೊದಲು ಊದಿಕೊಂಡು ಆಮೇಲೆ ಸೊರಗುತ್ತದೆ. ನೋವು ನಿಂತಿತು ಎಂದ ಮಾತ್ರಕ್ಕೆ ಕಲ್ಲು ಹೋಯಿತು ಎಂದಲ್ಲ. ಕ್ಷಯರೋಗ ಶ್ವಾಸಕೋಶಕ್ಕೆ ಮಾತ್ರ ಬರುವುದಲ್ಲ, ಮೂತ್ರಪಿಂಡವನ್ನೂ ಹಾಳುಮಾಡಬಲ್ಲದು.

ಎಲ್ಲಕ್ಕಿಂತ ತುರ್ತಾಗಿ ನೋಡಬೇಕಾದ ಕಾರಣ ರಕ್ತನಾಳದ್ದು. ಕಿಡ್ನಿಗೆ ರಕ್ತ ಒಯ್ಯುವ ನಾಳ ಕಿರಿದಾದರೆ ಅದು ಬಡಕಲಾಗುತ್ತದೆ, ಜೊತೆಗೆ ರಕ್ತದೊತ್ತಡವನ್ನು ಏರಿಸುವ ಸಂಕೇತವನ್ನೂ ಕಳುಹಿಸುತ್ತದೆ. ಬೀಡಿ ಸಿಗರೇಟು ಸೇದುವ, ಶುಗರ್ ಇರುವ ಹಿರಿಯರಲ್ಲಿ ನಾಳದೊಳಗೆ ಕೊಬ್ಬು ಕಟ್ಟಿ ಹೀಗಾಗುತ್ತದೆ. ಎಳೆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನಾಳದ ಗೋಡೆಯ ಬೇರೆ ಕಾಯಿಲೆಗಳಿಂದ ಆಗುತ್ತದೆ. ಇಪ್ಪತ್ತೈದರ ಹುಡುಗಿಗೆ ವಿಪರೀತ ಬಿಪಿ ಇದ್ದು, ಸ್ಕ್ಯಾನಿಂಗಿನಲ್ಲಿ ಒಂದು ಕಿಡ್ನಿ ಚಿಕ್ಕದಿದ್ದರೆ ಅದನ್ನು 'ಟೆನ್ಷನ್' ಎಂದು ಬಿಡಬಾರದು.

ಒಂದರಿಂದ ಬದುಕಬಹುದೆ?

ಬದುಕಬಹುದು. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆಯಿತು. ಅವಳಿ ಸಹೋದರ ರಿಚರ್ಡ್‌ಗೆ ತನ್ನ ಒಂದು ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್ ತೀರಿಕೊಂಡದ್ದು 2010ರಲ್ಲಿ, 79ನೇ ವಯಸ್ಸಿನಲ್ಲಿ. ಒಂದು ಕುಗ್ಗಿದಾಗ ಇನ್ನೊಂದು ಹಿಗ್ಗಿ ಹೆಚ್ಚು ಕೆಲಸ ವಹಿಸಿಕೊಳ್ಳುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ 'ದೊಡ್ಡದು' ಎಂದಿರುವ ಕಿಡ್ನಿಗೆ ಎಷ್ಟೋ ಸಲ ರೋಗವಿರುವುದಿಲ್ಲ, ಅದು ಇಬ್ಬರ ದುಡಿಮೆ ಮಾಡುತ್ತಿರುತ್ತದೆ.

ಆದರೆ ಇದರಲ್ಲೊಂದು ಮೋಸವಿದೆ. ರಕ್ತದ ಕ್ರಿಯಾಟಿನಿನ್ ಸರಿಯಾಗಿದ್ದರೆ ಕಿಡ್ನಿ ಚೆನ್ನಾಗಿದೆ ಎಂದುಕೊಳ್ಳುತ್ತೇವೆ. ಒಟ್ಟು ಕೆಲಸದ ಹತ್ತಿರ ಹತ್ತಿರ ಅರ್ಧ ಕಳೆದುಹೋಗುವವರೆಗೂ ಆ ಅಂಕಿ ಲ್ಯಾಬಿನ 'ನಾರ್ಮಲ್' ಗೆರೆಯೊಳಗೇ ಇರಬಹುದು. ಚಿಕ್ಕಮ್ಮನ ಕ್ರಿಯಾಟಿನಿನ್ 0.9 ಇತ್ತು. ಎಲ್ಲರೂ ನಿಟ್ಟುಸಿರು ಬಿಟ್ಟರು.

ಆ ಮೂರು ಫಾರ್ವರ್ಡ್‌ಗಳು

ಕೊತ್ತಂಬರಿ ನೀರು: ಎರಡು ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಒಂದೂವರೆ ಎರಡು ಲೀಟರ್ ಮಾತ್ರ ಮೂತ್ರವಾಗಿ ಬಿಡುತ್ತವೆ. ಕೊಳೆ ಕಟ್ಟಿಕೊಂಡು ಕೂತಿರುವ ಜಾಲರಿ ಅದಲ್ಲ, ತೊಳೆಯುವಂಥದ್ದೇನೂ ಅಲ್ಲಿಲ್ಲ. ಸಾರಿಗೆ ಹಾಕಿಕೊಳ್ಳುವಷ್ಟು ಕೊತ್ತಂಬರಿಯಿಂದ ಕೆಡುಕೂ ಇಲ್ಲ. ಆದರೆ ಕಿಡ್ನಿ ನಿಜವಾಗಿಯೂ ಸೋತಿರುವವರಿಗೆ ಸೊಪ್ಪಿನ ಕಷಾಯ, ಎಳನೀರುಗಳಲ್ಲಿನ ಪೊಟ್ಯಾಶಿಯಂ ರಕ್ತದಲ್ಲಿ ಏರಿ ಹೃದಯದ ಬಡಿತಕ್ಕೇ ಅಪಾಯವಾಗಬಹುದು.

ಹುಳಿ ಹಣ್ಣಿನ ರಸಗಳ ಬಗ್ಗೆ ಇನ್ನೂ ಎಚ್ಚರ ಬೇಕು. ಕೇರಳದಲ್ಲಿ ಬಿಂಬುಳಿಯ ಗಟ್ಟಿ ರಸ ಕುಡಿದು ಕಿಡ್ನಿ ಕೈಕೊಟ್ಟ ಹತ್ತು ಜನರ ವಿವರವನ್ನು ವೈದ್ಯರು 2013ರಲ್ಲಿ ಪ್ರಕಟಿಸಿದರು. ಏಳು ಜನರಿಗೆ ಡಯಾಲಿಸಿಸ್ ಬೇಕಾಯಿತು. ಅದರಲ್ಲಿನ ಆಕ್ಸಲೇಟ್ ಹರಳಾಗಿ ಕಿಡ್ನಿಯ ಸಣ್ಣ ನಾಳಗಳಲ್ಲಿ ಕೂರುತ್ತದೆ. ದಾರೆಹುಳಿಯದೂ ಇದೇ ಕತೆ. ಸಾಂಬಾರಿಗೆ ನಾಲ್ಕು ಹೋಳು ಹಾಕುವುದು ಬೇರೆ, ಬೆಳಗ್ಗೆ ಖಾಲಿ ಹೊಟ್ಟೆಗೆ ಲೋಟಗಟ್ಟಲೆ ಕುಡಿಯುವುದು ಬೇರೆ. ಈಶ್ವರಿ ಬೇರಿನ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಶಾಶ್ವತವಾಗಿ ಕುಗ್ಗಿಸುತ್ತದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಮೈ ಇಳಿಸಲೆಂದು ಇಂಥ ಗಿಡ ಬೆರೆತ ಮಾತ್ರೆ ನುಂಗಿದ ಹೆಂಗಸರಲ್ಲಿ ಇದು ಬಯಲಿಗೆ ಬಂತು. ಗಿಡಮೂಲಿಕೆ ಎಂದ ಕೂಡಲೇ ನಿರಪಾಯ ಎಂದು ನಂಬಬೇಡಿ.

ಐದು ಲೀಟರ್ ನೀರು: ಕಲ್ಲಿನ ತೊಂದರೆ ಇದ್ದವರು ಹೆಚ್ಚು ನೀರು ಕುಡಿಯಬೇಕು, ನಿಜ. ಉಳಿದವರು ಬಾಯಾರಿಕೆ ತೀರುವಷ್ಟು, ಮೂತ್ರ ತಿಳಿಹಳದಿ ಇರುವಷ್ಟು ಕುಡಿದರೆ ಸಾಕು. ಕಾಲು ಊದಿಕೊಂಡಿರುವವರು, ಹೃದಯ ದುರ್ಬಲವಾಗಿರುವವರು ವೈದ್ಯರನ್ನು ಕೇಳದೆ ನೀರು ಹೆಚ್ಚಿಸಬಾರದು.

ಬಿಪಿ ಮಾತ್ರೆ: ನನಗೆ ಸಿಟ್ಟು ಬರುವ ಫಾರ್ವರ್ಡ್ ಇದು. ಇದರಲ್ಲಿ ಹಿಡಿಯಷ್ಟು ಸತ್ಯವೂ ಇರುವುದರಿಂದಲೇ ಜನ ನಂಬುತ್ತಾರೆ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂಥ ಮಾತ್ರೆ ಶುರು ಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುತ್ತದೆ. ಕಿಡ್ನಿಯೊಳಗಿನ ಒತ್ತಡ ಇಳಿಯುವುದರಿಂದ ಆಗುವ ಬದಲಾವಣೆ ಅದು. ದೀರ್ಘಕಾಲದಲ್ಲಿ, ಮುಖ್ಯವಾಗಿ ಮೂತ್ರದಲ್ಲಿ ಆಲ್ಬುಮಿನ್ ಸೋರುವವರಲ್ಲಿ, ಕಿಡ್ನಿಯನ್ನು ಕಾಯುವುದು ಇವೇ ಮಾತ್ರೆಗಳು. ಎರಡೂ ಕಿಡ್ನಿಗಳ ರಕ್ತನಾಳ ಕಿರಿದಾಗಿರುವವರಲ್ಲಿ ಮಾತ್ರ ಕ್ರಿಯಾಟಿನಿನ್ ದಿಢೀರನೆ ಮೇಲೇರಬಹುದು. ಅದಕ್ಕೇ ಮಾತ್ರೆ ಶುರುವಾದ ಒಂದೆರಡು ವಾರದಲ್ಲಿ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಎನ್ನುವುದು. ಫಾರ್ವರ್ಡ್ ಬರೆದವರು ಈ ಅರ್ಧವನ್ನು ಬಿಟ್ಟಿರುತ್ತಾರೆ.

ಚಿಕ್ಕಮ್ಮ ಆರು ವಾರ ಮಾತ್ರೆ ಬಿಟ್ಟರು. ಬೆಳಗ್ಗೆ ತಲೆನೋವು ಶುರುವಾದಾಗ 'ಕಿಡ್ನಿಯ ವಿಷ ಹೊರಗೆ ಹೋಗುತ್ತಿದೆ' ಎಂದು ಗುಂಪಿನಲ್ಲಿ ಸಮಾಧಾನ ಸಿಕ್ಕಿತು. ಕೊನೆಗೆ ನನ್ನ ತಮ್ಮ ಹಟ ಮಾಡಿ ಮೂತ್ರಪಿಂಡ ತಜ್ಞರ ಬಳಿ ಕರೆದುಕೊಂಡು ಹೋದಾಗ ಬಿಪಿ 172/104 ಇತ್ತು. ಆ ಚಿಕ್ಕ ಕಿಡ್ನಿಯಿಂದ ಅವರಿಗೆ ಆ ಹೊತ್ತಿನಲ್ಲಿ ಅಪಾಯವೇನೂ ಇರಲಿಲ್ಲ. ಇದ್ದ ಒಂದು ಒಳ್ಳೆಯ ಕಿಡ್ನಿಗೆ, ಮಿದುಳಿಗೆ ಅಪಾಯ ತಂದದ್ದು ಬಿಟ್ಟ ಮಾತ್ರೆ.

ಯಾವ ಪರೀಕ್ಷೆ?

ವೈದ್ಯರು ಮೊದಲು ಕೇಳಿದ್ದು ಹಳೆಯ ಸ್ಕ್ಯಾನಿಂಗ್ ರಿಪೋರ್ಟುಗಳನ್ನು. ಹತ್ತು ವರ್ಷದ ಹಿಂದೆಯೂ 8 ಸೆಂ.ಮೀ. ಇದ್ದರೆ ಒಂದು ಅರ್ಥ, ಕಳೆದ ವರ್ಷ 10 ಇದ್ದು ಈಗ 8 ಆಗಿದ್ದರೆ ಬೇರೆಯೇ ಅರ್ಥ. ಹಾಗಾಗಿ ಹಳೆಯ ರಿಪೋರ್ಟು ಎಸೆಯಬೇಡಿ, ಕೊನೇ ಪಕ್ಷ ಫೋಟೊ ತೆಗೆದಿಡಿ.

ಬಿಪಿ, ಕ್ರಿಯಾಟಿನಿನ್, ಅದರಿಂದ ಲೆಕ್ಕ ಹಾಕುವ ಇಜಿಎಫ್ಆರ್, ಮೂತ್ರದ ಸಾಮಾನ್ಯ ಪರೀಕ್ಷೆ, ಇಷ್ಟು ಎಲ್ಲರಿಗೂ ಬೇಕು. ಇವುಗಳ ಜೊತೆ ಮೂತ್ರದಲ್ಲಿ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತವನ್ನು ಕೇಳಿ ಮಾಡಿಸಿ. ಅದು 30ರೊಳಗೆ ಇರಬೇಕು. ರಕ್ತನಾಳದ ಅನುಮಾನವಿದ್ದರೆ ಡಾಪ್ಲರ್, ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿಯಲು ಡಿಟಿಪಿಎ ಅಥವಾ ಡಿಎಂಎಸ್ಎ ಸ್ಕ್ಯಾನ್. ಚಿಕ್ಕಮ್ಮನ ಡಾಪ್ಲರ್ ಸರಿಯಾಗಿತ್ತು. ಡಿಎಂಎಸ್ಎಯಲ್ಲಿ ಬಲಗಡೆಯದು 29 ಪಾಲು, ಎಡಗಡೆಯದು 71 ಪಾಲು ಕೆಲಸ. ಬಲಗಡೆ ಹಳೆಯ ಗಾಯದ ಕಲೆಗಳು. ಆಲ್ಬುಮಿನ್ ಅನುಪಾತ 120. ಆಗ ಅಜ್ಜಿ ನೆನಪಿಸಿಕೊಂಡರು: ಇವಳಿಗೆ ಚಿಕ್ಕಂದಿನಲ್ಲಿ ಪದೇ ಪದೇ ಚಳಿ ಜ್ವರ ಬರುತ್ತಿತ್ತು, ಮಲೇರಿಯಾ ಎಂದು ಗುಳಿಗೆ ಕೊಡುತ್ತಿದ್ದರು.

ಈಗ ಮಾತ್ರೆ ಮತ್ತೆ ಶುರುವಾಗಿದೆ, ಬಿಪಿ 130/80ರ ಆಸುಪಾಸಿನಲ್ಲಿದೆ. ಉಪ್ಪು ದಿನಕ್ಕೆ ಒಂದು ಟೀ ಚಮಚದೊಳಗೆ. ಉಪ್ಪಿನಕಾಯಿ ಹಪ್ಪಳವೂ ಆ ಲೆಕ್ಕದಲ್ಲೇ ಬರುತ್ತವೆ ಎಂದಾಗ ಅವರ ಮುಖ ಬಾಡಿತ್ತು. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗುತ್ತಿದ್ದ ಡೈಕ್ಲೋಫೆನಾಕ್ ಪೂರ್ತಿ ಬಂದ್. ಇಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ಬಿಪಿ ಮಾತ್ರೆಗೆ ಹೆದರುವ ಜನ ಇವುಗಳಿಗೆ ಏಕೆ ಹೆದರುವುದಿಲ್ಲವೋ!

ಮೂತ್ರ ಹಿಂದಕ್ಕೆ ಚಿಮ್ಮುವ ತೊಂದರೆ ಒಂದೇ ಮನೆತನದಲ್ಲಿ ಹಲವರಿಗೆ ಇರುವುದುಂಟು ಎಂದೂ ವೈದ್ಯರು ಹೇಳಿದ್ದರು. ಕಳೆದ ತಿಂಗಳು ಚಿಕ್ಕಮ್ಮನ ಒಂದೂವರೆ ವರ್ಷದ ಮೊಮ್ಮಗಳಿಗೆ ನೆಗಡಿ ಕೆಮ್ಮು ಏನೂ ಇಲ್ಲದೆ ಮೂರು ದಿನ ಜ್ವರ ಬಂದಾಗ, ಮಗುವಿನ ಮೂತ್ರ ಪರೀಕ್ಷೆ ಮಾಡಿಸಲೇಬೇಕು ಎಂದು ಆಸ್ಪತ್ರೆಯಲ್ಲಿ ಪಟ್ಟು ಹಿಡಿದವರು ಅವರೇ. ಸೋಂಕು ಇತ್ತು. ಔಷಧಿ ಮುಗಿದಿದೆ, ಮಗುವಿನ ಕಿಡ್ನಿಯ ಸ್ಕ್ಯಾನಿಂಗ್ ಮುಂದಿನ ವಾರ.